ವೇಷ ತೊಟ್ಟ ಗಣಕಯಂತ್ರ

ದೊಡ್ಡಬಳ್ಳಾಪುರದಲ್ಲಿ ಮಗ್ಗವಿರುವ ಮನೆಯವರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ: ಒಂದು ಜಕಾರ್ಡಿಗೆಂದು ತೂತು ಹೊಡೆದ ರಟ್ಟುಗಳು ಬೇರೆ ಅಳತೆಯ ಜಕಾರ್ಡಿಗೆ ಹೊಂದುವುದಿಲ್ಲ. ಗಣಕಯಂತ್ರಗಳಲ್ಲಿಯೂ ಈ ಹೊಂದದಿರುವಿಕೆ ಉಂಟು. ಆದರೆ ಅಲ್ಲಿ ಅದು ಕೆಲವೊಮ್ಮೆ ಅಳತೆಯಿಂದ ಬಂದುದಲ್ಲ, ಒಡೆಯನ ಅಪ್ಪಣೆಯಿಂದ ಬಂದುದು.

ಆಪಲ್ ಸಂಸ್ಥೆಯ ಮ್ಯಾಕ್‌ಓಎಸ್ ಎಂಬ ಕಾರ್ಯವ್ಯವಸ್ಥೆಯು ಆ ಸಂಸ್ಥೆಯ ಮುದ್ರೆಯುಳ್ಳ ಯಂತ್ರದಲ್ಲಿ ಮಾತ್ರ ನಡೆಯತಕ್ಕದ್ದೆಂದು ಅದರ ಕರಾರುಪತ್ರವು ವಿಧಿಸುತ್ತದೆ. ಐಫೋನಿಗೆ ಆ್ಯಪ್ ಬರೆಯುವ ಎಕ್ಸ್‌ಕೋಡ್ ಎಂಬ ಸಲಕರಣೆಯಾದರೋ ಮ್ಯಾಕ್‌ಓಎಸ್ ಬಿಟ್ಟು ಬೇರೆಲ್ಲಿಯೂ ನಡೆಯದು. ನನ್ನ ಸೋದರಳಿಯನಿಗೆ ಆ ವಿದ್ಯೆಯ ಹುಚ್ಚು. ಅವನಲ್ಲಿದ್ದುದು ಬೇರೆ ಕಂಪನಿಯ ಸಾಧಾರಣ ಲ್ಯಾಪ್‌ಟಾಪು. ಹೊಸ ಮ್ಯಾಕ್ ಕೊಳ್ಳಲು ಅವನ ತಂದೆಯ ನಾಲ್ಕು ಮಗ್ಗಗಳ ಸಂಪಾದನೆ ಸಾಲದು. ವಿನೋದವೇನೆಂದರೆ, ನೆರೆಯ ದೇವನಹಳ್ಳಿಯ ಸೀಮೆಯಲ್ಲಿಯೇ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಿಂದ ಐಫೋನುಗಳು ತಯಾರಾಗುತ್ತಿವೆ!

ಯಂತ್ರದೊಳಗೆ ಮತ್ತೊಂದು ಯಂತ್ರವಿದೆಯೆಂಬ ಭ್ರಮೆಯನ್ನು ಹುಟ್ಟಿಸುವ ತಂತ್ರಾಂಶಗಳುಂಟು. ಇದು ಇಂದಿನ ಚಮತ್ಕಾರವಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬುದನ್ನು ಹೊರತಂದು, ಒಂದೇ ಯಂತ್ರವನ್ನು ಹಲವರಿಗೆ ಹಲವು ಯಂತ್ರಗಳಂತೆ ತೋರಿಸಿತು. ಹುಡುಗನು ಹಿಡಿದುದೂ ಇದೇ ದಾರಿ. ಮ್ಯಾಕ್‌ಓಎಸ್ ಎದ್ದೊಡನೆ ತಾನು ಆಪಲ್ ಯಂತ್ರದಲ್ಲಿರುವೆನೇ ಎಂದು ಒಂದು ಚಿಪ್ಪನ್ನು ವಿಚಾರಿಸುತ್ತದೆ. ಕೃತಕ ಯಂತ್ರವು ಆ ಚಿಪ್ಪಿನ ವೇಷ ತೊಟ್ಟು ಹೌದೆನ್ನುತ್ತದೆ. ಪರದೆಯ ಮೇಲೆ ಸೇಬು ಮೂಡಿದ ರಾತ್ರಿ ಅವನು ಮನೆಮಂದಿಯನ್ನೆಲ್ಲ ಎಬ್ಬಿಸಿದನು. ಆದರೆ ಚಿತ್ರ ಬಿಡಿಸುವ ಚಿಪ್ಪಿನ ನೆರವು ಆ ವೇಷಧಾರಿಗೆ ದೊರೆಯದ ಕಾರಣ ಎಲ್ಲವೂ ಬಸವನಹುಳುವಿನಂತೆ ತೆವಳುತ್ತಿತ್ತು.

“ಮಾವ, ಕಲಿಯುವುದಕ್ಕೆ ತಾನೆ? ಇದರಿಂದ ಯಾರಿಗೆ ನಷ್ಟ?” ಎಂದನು.

ಪ್ರಶ್ನೆ ಸುಲಭವಾದುದಲ್ಲ. ಷರತ್ತು ಬಿಗಿಯಾದುದೆಂದೇ ನನ್ನ ಮತ. ಆದರೂ ಮ್ಯಾಕ್‌ಓಎಸ್ ತುಂಬಿದ ಸ್ವಂತ ಯಂತ್ರಗಳನ್ನು ಮಾರಹೊರಟ ಸೈಸ್ಟಾರ್ ಎಂಬ ಅಮೆರಿಕದ ಕಂಪನಿಯು 2009ರಲ್ಲಿ ನ್ಯಾಯಾಲಯದಲ್ಲಿ ಸೋತಿತು. ಹುಡುಗನನ್ನು ಯಾರಾದರೂ ಕಟಕಟೆಗೆ ಎಳೆದಾರೆಂಬ ಭಯ ನನಗಿರಲಿಲ್ಲ. ನಾಳೆ ತಾನು ಬರೆದ ಆ್ಯಪನ್ನು ತನ್ನ ಷರತ್ತಿನ ಮೇಲೆ ಮಾರಬೇಕೆಂದಿರುವವನು ಇನ್ನೊಬ್ಬರ ಷರತ್ತನ್ನು ಮುರಿದು ವೃತ್ತಿಯನ್ನು ಆರಂಭಿಸಬಹುದೇ ಎಂಬುದೇ ನನ್ನ ಶಂಕೆ. ಅದನ್ನು ಅವನಿಗೆ ಹೇಳಿಬಿಟ್ಟೆ.

ಎರಡು ದಿನ ಅವನು ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ, ಬಳಸಿದ ಮ್ಯಾಕ್ ಮಿನಿಗಳ ಬೆಲೆ ಬರೆದ ಚೀಟಿ ಹಿಡಿದು ಬಂದನು. ಇಂಟೆಲ್ ಚಿಪ್ಪಿನವು ಅಗ್ಗ. ಆದರೆ 2025ರಲ್ಲಿ ಬಂದ ಟಾಹೋ ಆವೃತ್ತಿಯು ಅವುಗಳಲ್ಲಿ ನಡೆಯುವುದಿಲ್ಲ. (ಸ್ವಂತ ಮುದ್ರೆಯ ಯಂತ್ರಕ್ಕೂ ಬಾಗಿಲು ಮುಚ್ಚುವ ಕಾಲ ಬರುತ್ತದೆ!) ಆದುದರಿಂದ 2020ರ ಎಂ1 ಚಿಪ್ಪಿನದನ್ನೇ ನೋಡುವುದೆಂದಾಯಿತು. ಅರ್ಧ ಹಣ ನನ್ನದು. ಉಳಿದರ್ಧಕ್ಕಾಗಿ ಅವನು ಸಂಜೆಯ ಹೊತ್ತು ಕಂಡಿಕೆ ಸುತ್ತುತ್ತಿದ್ದಾನೆ.