ಅರ್ಹತೆಯ ಪತ್ರ, ಅಡಮಾನದ ಪತ್ರ

ಶ್ರೀಮಠದ ಪ್ರಸಾದ ನಿಲಯದಲ್ಲಿ ಆರು ವರ್ಷ ದಾಸೋಹದ ಅನ್ನವನ್ನುಂಡು, ಇದೇ ಶಾಲೆಯಲ್ಲಿ ಓದಿ, ಮುಂದೆ ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಅಮೆರಿಕೆಗೆ ತೆರಳಿದ ತರುಣನೊಬ್ಬನು 2021ರಲ್ಲಿ ನ್ಯೂಯಾರ್ಕ್ ನಗರದ ಷೇರು ದಲ್ಲಾಳಿ ಸಂಸ್ಥೆಯೊಂದರಲ್ಲಿ ಎರಡನೆಯ ವರ್ಷದ ನೌಕರಿಯಲ್ಲಿದ್ದನು. ಅವನ ಉನ್ನತ ವ್ಯಾಸಂಗಕ್ಕಾಗಿ ತಂದೆಯವರು ಊರಿನಲ್ಲಿದ್ದ ವಾಸದ ಮನೆಯನ್ನೇ ಬ್ಯಾಂಕಿಗೆ ಅಡವಿಟ್ಟಿದ್ದರು. ಹೀಗಿರುವಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಸಂಜೆ, "ನೀನೀಗ ಅಕ್ರೆಡಿಟೆಡ್ ಇನ್ವೆಸ್ಟರ್, ಗೊತ್ತಿದೆಯೇ?" ಎಂದಾಗ ಅವನಿಗೆ ಮೊದಲು ನಗುವೇ ಬಂದಿತು. ಸಾಲಗಾರನಿಗೆ ಇದೆಂತಹ ಬಿರುದು!

ಈ ಬಿರುದಿನ ಹಿಂದೆ ದೀರ್ಘವಾದೊಂದು ಇತಿಹಾಸವಿದೆ. ಸಾರ್ವಜನಿಕರಿಗೆ ಷೇರು ಮಾರುವ ಕಂಪನಿಯು ತನ್ನ ವ್ಯವಹಾರವನ್ನೆಲ್ಲ ಬಹಿರಂಗಪಡಿಸಿ ನೋಂದಾಯಿಸಿಕೊಳ್ಳಬೇಕೆಂದು ಅಮೆರಿಕದ 1933ರ ಕಾನೂನು ವಿಧಿಸಿತು. ಖಾಸಗಿಯಾಗಿ ಕೆಲವರಿಗಷ್ಟೇ ಮಾರುವುದಾದರೆ ವಿನಾಯಿತಿಯುಂಟು. ಆದರೆ ಆ ಕೆಲವರು ಯಾರು? ರಾಲ್‌ಸ್ಟನ್ ಪ್ಯೂರಿನಾ ಎಂಬ ಪಶು ಆಹಾರದ ಕಂಪನಿಯು 1947ರಿಂದ 1951ರವರೆಗೆ ಸುಮಾರು 20 ಲಕ್ಷ ಡಾಲರುಗಳ ಷೇರುಗಳನ್ನು ತನ್ನ 'ಮುಖ್ಯ ನೌಕರ'ರಿಗೆ ಮಾರಿತ್ತು. ವಿಚಾರಿಸಿ ನೋಡಿದರೆ, ಆ ಮುಖ್ಯರಲ್ಲಿ ಉಗ್ರಾಣದ ಗುಮಾಸ್ತರೂ, ಶೀಘ್ರಲಿಪಿಗಾರರೂ, ವಿದ್ಯುತ್ ಕೆಲಸಗಾರರೂ ಇದ್ದರು! ತಮ್ಮನ್ನು ತಾವೇ ಕಾಪಾಡಿಕೊಳ್ಳಬಲ್ಲವರಿಗೆ ಮಾತ್ರ ಕಾನೂನಿನ ರಕ್ಷಣೆ ಬೇಕಿಲ್ಲವೆಂದೂ, ಈ ನೌಕರರು ಅಂಥವರಲ್ಲವೆಂದೂ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1953ರಲ್ಲಿ ತೀರ್ಪಿತ್ತಿತು.

ಕಾಪಾಡಿಕೊಳ್ಳುವ ಶಕ್ತಿಯನ್ನು ಅಳೆಯುವುದು ಹೇಗೆ? 1982ರಲ್ಲಿ ಅದಕ್ಕೆ ಹಣವೇ ಅಳತೆಗೋಲಾಯಿತು. ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ, ಇಲ್ಲವೇ ಸಾಲ ಕಳೆದು 10 ಲಕ್ಷ ಡಾಲರಿನ ಆಸ್ತಿ. 2010ರಲ್ಲಿ ವಾಸದ ಮನೆಯ ಬೆಲೆಯನ್ನು ಆಸ್ತಿಯ ಲೆಕ್ಕದಿಂದ ಹೊರಗಿಟ್ಟರು. ಆಯವ್ಯಯ ಪತ್ರಿಕೆಯನ್ನು ಓದಲಾರದ ಸಿರಿವಂತನು ಅರ್ಹನಾಗುತ್ತಿದ್ದನು. ಆ ಪತ್ರಿಕೆಯನ್ನು ಅವನಿಗಾಗಿ ಸಿದ್ಧಪಡಿಸುವ ಸಂಬಳದವನು ಅನರ್ಹನಾಗುತ್ತಿದ್ದನು. ಈ ವಿಪರ್ಯಾಸ ಅನೇಕ ವರ್ಷ ನಡೆಯಿತು. ಕಡೆಗೆ 2020ರ ಡಿಸೆಂಬರ್ 8ರಿಂದ ಜಾರಿಗೆ ಬಂದ ತಿದ್ದುಪಡಿಯು ವಿದ್ಯೆಗೂ ಒಂದು ಬಾಗಿಲನ್ನು ತೆರೆಯಿತು: ಸೀರೀಸ್ 7, 65, 82 ಎಂಬ ಮೂರು ಪರವಾನಗಿಗಳಲ್ಲೊಂದು ಊರ್ಜಿತವಾಗಿರುವವನು ಹಣವಿಲ್ಲದೆಯೂ ಅರ್ಹನು. (ಪರೀಕ್ಷೆಯಲ್ಲಿ ತೇರ್ಗಡೆಯಾದರಷ್ಟೇ ಸಾಲದು, ಪರವಾನಗಿಯೂ ಜೀವಂತವಾಗಿರಬೇಕು.) ಭಾರತದಲ್ಲಿ ಸೆಬಿಯು 2021ರಲ್ಲಿ ಇಂತಹ ವರ್ಗವನ್ನು ರಚಿಸಿದಾಗ 2 ಕೋಟಿ ರೂಪಾಯಿ ಆದಾಯ, 7.5 ಕೋಟಿ ಆಸ್ತಿ ಎಂದು ಹಣದ ಅಳತೆಯನ್ನೇ ಹಿಡಿಯಿತು.

ನಮ್ಮ ತರುಣನಾದರೋ ಸೀರೀಸ್ 7 ಪರೀಕ್ಷೆಯನ್ನು ನೌಕರಿಯ ಅಗತ್ಯಕ್ಕೆಂದು ಮೊದಲ ವರ್ಷವೇ ಮುಗಿಸಿದ್ದನು. 125 ಪ್ರಶ್ನೆಗಳು, ಮೂರು ಗಂಟೆ ನಲವತ್ತೈದು ನಿಮಿಷ, ಶೇಕಡಾ 72 ಬಂದರೆ ಉತ್ತೀರ್ಣ. ಸಹಪಾಠಿಯೊಬ್ಬನು ಆರಂಭಿಸಿದ್ದ ಕಂಪನಿಯಲ್ಲಿ ಷೇರು ಕೊಳ್ಳುವ ಆಹ್ವಾನವೂ ಅದೇ ತಿಂಗಳು ಬಂದಿತು. ಕನಿಷ್ಠ ಹೂಡಿಕೆ 25,000 ಡಾಲರ್. ಅವನ ಉಳಿತಾಯದಲ್ಲಿದ್ದುದು 27,000. ಅದು ಊರಿನ ಮನೆಯನ್ನು ಬಿಡಿಸಲೆಂದು ಎರಡು ವರ್ಷ ಕೂಡಿಟ್ಟ ಗಂಟು.

ಅರ್ಜಿಯಲ್ಲಿ ಆದಾಯಕ್ಕೊಂದು, ಆಸ್ತಿಗೊಂದು, ಪರವಾನಗಿಗೊಂದು ಚೌಕವಿದ್ದವು. ಮೂರನೆಯದರಲ್ಲಿ ಗುರುತು ಹಾಕಲು ಅವನಿಗೆ ಕ್ಷಣವೂ ಹಿಡಿಯಲಿಲ್ಲ. ಹಾಕುವಾಗ ಹೆಮ್ಮೆಯೂ ಆಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಬಳಿಕ, ವೃತ್ತಿಯ ಅಭ್ಯಾಸಬಲದಿಂದ, ನಷ್ಟಸಂಭವಗಳನ್ನು ವಿವರಿಸುವ ಪುಟಗಳನ್ನು ಓದಲು ಕುಳಿತನು. ಪೂರ್ಣ ಹಣವೂ ಹೋಗಬಹುದೆಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಹೋದರೆ ಯಾರ ಮನೆ ಹೋಗುವುದೆಂಬ ಪ್ರಶ್ನೆಗೆ ಮಾತ್ರ ಯಾವ ಚೌಕವೂ ಇರಲಿಲ್ಲ.

ರಾತ್ರಿ ತಂದೆಗೆ ದೂರವಾಣಿ ಮಾಡಿದನು. ಅವರು ಎಲ್ಲವನ್ನೂ ಕೇಳಿ, "ಬೇಕೆಂದಾಗ ತಿರುಗಿ ಕೊಡುತ್ತಾರೇನಪ್ಪಾ?" ಎಂದಷ್ಟೇ ವಿಚಾರಿಸಿದರು. ಖಾಸಗಿ ಕಂಪನಿಯ ಅಂತಹ ಷೇರುಗಳನ್ನು ಸಾಮಾನ್ಯವಾಗಿ ಒಂದು ವರ್ಷ ಮಾರುವಂತಿಲ್ಲ. ಅನಂತರವೂ ಕೊಳ್ಳುವವರು ಸಿಕ್ಕಬೇಕು. ಪರೀಕ್ಷೆಗಾಗಿ ಕಲಿತಿದ್ದ ಈ ಸಂಗತಿಯನ್ನು ಕನ್ನಡದಲ್ಲಿ ಹೇಳಲು ಅವನು ತಡವರಿಸಿದನು. "ನೀನು ಓದಿದವನು, ನೋಡು" ಎಂದರು ತಂದೆ. ಅವರು ಬೇಡವೆನ್ನಲಿಲ್ಲ.

ಹಣ ಬ್ಯಾಂಕಿಗೆ ಹೋಯಿತು. 2022ರಲ್ಲಿ ಮನೆ ಋಣಮುಕ್ತವಾಯಿತು. ಸಹಪಾಠಿಯ ಕಂಪನಿಯೇನೂ ಮುಳುಗಲಿಲ್ಲವೆಂಬುದನ್ನೂ ಹೇಳಬೇಕು. ಮರುವರ್ಷ ಅದು ಮೂರು ಪಟ್ಟು ಬೆಲೆಗೆ ಹೊಸ ಷೇರುಗಳನ್ನು ಮಾರಿತು. ಆ ಸುದ್ದಿಯನ್ನು ಕೇಳಿದ ರಾತ್ರಿ ಅವನು ಕಾಗದದ ಮೇಲೆ ಲೆಕ್ಕ ಹಾಕಿದನು, ಹರಿದನು, ಮತ್ತೆ ಹಾಕಿದನು. ಕಾಗದದ ಮೇಲಿನ ಆ ಬೆಲೆಗೆ ಷೇರು ಮಾರಿ ಹೊರಬಂದವರು ಅಂದು ಯಾರೂ ಇರಲಿಲ್ಲವೆಂಬುದು ಅವನಿಗೆ ತಿಳಿದಿದ್ದರೂ ನಿದ್ದೆ ಹತ್ತಲಿಲ್ಲ.

ಮುಂದೆ ಬೇರೊಂದು ಕಂಪನಿಯಲ್ಲಿ, ಕಳೆದುಕೊಂಡರೆ ತನ್ನದಷ್ಟೇ ಎನ್ನಬಹುದಾದ 5,000 ಡಾಲರುಗಳನ್ನು ಅದೇ ಮೂರನೆಯ ಚೌಕದ ಬಲದಿಂದ ತೊಡಗಿಸಿದ್ದಾನೆ. ಫಲ ಇನ್ನೂ ತಿಳಿದಿಲ್ಲ. ಕಳುಹಿಸದೆ ಉಳಿದ ಮೊದಲ ಅರ್ಜಿಯೂ, ಬ್ಯಾಂಕು ಹಿಂದಿರುಗಿಸಿದ ಅಡಮಾನ ಪತ್ರದ ನಕಲೂ ಅವನ ಮೇಜಿನ ಒಂದೇ ಖಾನೆಯಲ್ಲಿವೆ.