ನಿಪ್ಪಾಣಿಯ ಘಾಟು, ಸೆವಿಲ್ಲೆಯ ಹೆಜ್ಜೆ

ನಿಪ್ಪಾಣಿಯ ತಂಬಾಕಿನ ವಖಾರಿಗಳ ಓಣಿಯನ್ನು ಹೊಸಬರು ಸೀನದೆ ದಾಟುವುದು ಕಷ್ಟ. ಮೊದಲು ಮೂಗಿಗೆ ಘಾಟು, ಆಮೇಲೆ ಗಂಟಲಲ್ಲಿ ಕೆರೆತ, ಕೊನೆಗೆ ಕಣ್ಣಲ್ಲಿ ನೀರು. ಊರವರಿಗೆ ಮಾತ್ರ ಅದೇ ಗಾಳಿ. ಒಂದು ಕಾಲಕ್ಕೆ ಇಂಥದೇ ಘಾಟು ಸ್ಪೇನಿನ ಸೆವಿಲ್ಲೆಯಲ್ಲೂ ಇತ್ತು. 18ನೇ ಶತಮಾನದಲ್ಲಿ ಕಟ್ಟಿದ ಅಲ್ಲಿನ ತಂಬಾಕು ಕಾರ್ಖಾನೆ ಅರಮನೆಯಷ್ಟು ದೊಡ್ಡದು. ಅದರೊಳಗೆ ಸಾವಿರಾರು ಹೆಂಗಸರು ಕೂತು ಚುಟ್ಟಾ ಸುತ್ತುತ್ತಿದ್ದರು. ಅಂಥವಳೊಬ್ಬಳನ್ನು ಕಲ್ಪಿಸಿಕೊಂಡು ಮೆರಿಮೆ 1845ರಲ್ಲಿ ‘ಕಾರ್ಮೆನ್’ ಕಥೆ ಬರೆದ. 1875ರಲ್ಲಿ ಬಿಜೆ ಅದನ್ನು ಒಪೆರಾ ಮಾಡಿದ. ಇಬ್ಬರೂ ಫ್ರೆಂಚರು. ಆದರೂ ಸೆವಿಲ್ಲೆ ಸೀಮೆಯ ಹಾಡು-ಕುಣಿತವಾದ ಫ್ಲಾಮೆಂಕೊ ಎಂದರೆ ಇವತ್ತಿಗೂ ಜಗತ್ತಿನ ಕಣ್ಣಿಗೆ ಕಟ್ಟುವುದು ಅವಳೇ: ಮುಡಿಯಲ್ಲಿ ಕೆಂಪು ಹೂ, ನೆರಿಗೆ ನೆರಿಗೆಯ ಲಂಗ, ಉರಿಯುವ ಕಣ್ಣು. ಆ ಕಾರ್ಖಾನೆ ಈಗ ವಿಶ್ವವಿದ್ಯಾಲಯವಾಗಿದೆ.

ನಿಪ್ಪಾಣಿಯ ಹೆಂಗಸರಿಗೆ ಒಪೆರಾ ದಕ್ಕಲಿಲ್ಲ. ದಕ್ಕಿದ್ದು ಒಂದು ಸಾಕ್ಷ್ಯಚಿತ್ರ, ‘ಯುಗಾಂತರ್’ ಎಂಬ ಸ್ತ್ರೀವಾದಿ ತಂಡ 1982ರಲ್ಲಿ ಮಾಡಿದ ‘ತಂಬಾಕು ಚಾಕಿಲಾ ಊಬ್ ಆಲಿ’. ವಖಾರಿಯ ಧೂಳಿನಲ್ಲಿ ದುಡಿಯುತ್ತಿದ್ದವರು ಒಗ್ಗಟ್ಟಾಗಿ ಮುಷ್ಕರ ಹೂಡಿದ ಕಥೆ ಅದು. ನನ್ನ ಕೇಳಿದರೆ ಕಾರ್ಮೆನ್‌ಗಿಂತ ಇವರೇ ಗಟ್ಟಿಗಿತ್ತಿಯರು. ಅವಳು ಪ್ರೀತಿಯ ರಗಳೆಯಲ್ಲಿ ಚೂರಿಗೆ ಬಲಿಯಾದಳು, ಇವರು ಪಗಾರಕ್ಕಾಗಿ ಜಗಳಾಡಿ ಬದುಕಿದರು.

ಘಾಟಿಗೂ ಗಂಟಲಿಗೂ ಏನೋ ನಂಟಿದೆ ಎಂದು ನನ್ನ ಗುಮಾನಿ. ಫ್ಲಾಮೆಂಕೊ ಹಾಡುಗಾರರಲ್ಲಿ ಇಂಪಾದ ಕಂಠಕ್ಕೆ ಅಂಥ ಮರ್ಯಾದೆಯಿಲ್ಲ. ಎಲ್ ಫಿಯೋ ಎಂಬ 19ನೇ ಶತಮಾನದ ಜಿಪ್ಸಿ ಗಾಯಕನ ಒಡಕು ದನಿ ಎಷ್ಟು ಹೆಸರಾಯಿತೆಂದರೆ, ಆ ಬಗೆಯ ದನಿಗೆ ಅವನ ಹೆಸರೇ ನಿಂತಿತು. ನಮ್ಮ ಅಥಣಿ, ರಾಯಬಾಗ ಕಡೆಯ ಹರದೇಶಿ-ನಾಗೇಶಿ ಮೇಳಗಳಲ್ಲೂ ಇದೇ ರುಚಿ. ಸುತ್ತ ಎಲ್ಲಿ ನೋಡಿದರೂ ಕಬ್ಬು, ಉಗಾರದಲ್ಲಿ ಸಕ್ಕರೆ ಕಾರ್ಖಾನೆ. ಇಂಥ ಸೀಮೆಯ ಜನ ಹಾಡಿನಲ್ಲಿ ಮಾತ್ರ ಸಕ್ಕರೆ ಕೇಳುವುದಿಲ್ಲ, ರಂಜಕದ ಖಾರ ಬೇಕು ಅನ್ನುತ್ತಾರೆ.

ಮೇಳದ ಕಟ್ಟಳೆ ಸರಳ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ಒಬ್ಬರು ಶಿವನ ಕಡೆ, ಇನ್ನೊಬ್ಬರು ಶಕ್ತಿಯ ಕಡೆ. ಪುರಾಣದಿಂದ ಒಂದು ಸವಾಲು ಎಸೆದು ಕೂತರೆ ಎದುರಿನವರು ಹಾಡಿನಲ್ಲೇ ಜವಾಬು ಕಟ್ಟಬೇಕು. ಮುಂದೆ ನಿಂತವರ ಕೈಯಲ್ಲಿ ದಪ್ಪು, ಹಿಂದಿನವರ ಬಳಿ ತುಂತುಣಿ ಮತ್ತು ತಾಳ. ಇಬ್ಬನಿಗೆ ಚರ್ಮ ಸಡಿಲಾದರೆ ದಪ್ಪನ್ನು ಬೆಂಕಿಗೆ ಹಿಡಿದು, ಬೆರಳಿನಿಂದ ಟಕಟಕ ಬಡಿದು, ಕಿವಿ ಕೊಟ್ಟು, ಮತ್ತೆ ಹಿಡಿದು ಹದಕ್ಕೆ ತರುತ್ತಾರೆ. ಸಾಲು ಮುಗಿಯುವ ಮೊದಲೇ ಹಿಮ್ಮೇಳದವರು ‘ಗೀ’ ಎಂದು ಎತ್ತಿಕೊಂಡು ದನಿಯನ್ನು ಕೆಳಗೆ ಬೀಳಗೊಡುವುದಿಲ್ಲ. ಆ ಹೊತ್ತಿನಲ್ಲಿ ಹಾಡುವಾಕೆ ಉಸಿರು ತೆಗೆದುಕೊಂಡು, ಮುಂದಿನ ಏಟಿಗೆ ಮಾತು ಹುಡುಕುತ್ತಾಳೆ. ನನಗೆ ಎಲ್ಲಕ್ಕಿಂತ ಇಷ್ಟ ಆ ಒಂದು ಗಳಿಗೆ. ಏಟು ತಾಗಿದಾಗ ಕೂತವರು ಶಬ್ಬಾಸ್ ಎನ್ನದೆ ಬಿಡುವುದಿಲ್ಲ. ಸೆವಿಲ್ಲೆಯಿರುವ ಆಂದಲೂಸಿಯಾದವರೂ ಸುಮ್ಮನೆ ಕೂತು ಕೇಳುವ ಪೈಕಿಯಲ್ಲ, ಹನ್ನೆರಡು ಏಟಿನ ಲೆಕ್ಕ ತಪ್ಪದಂತೆ ಚಪ್ಪಾಳೆ ಹೊಡೆಯುತ್ತಾ ನಡುನಡುವೆ ‘ಓಲೆ’ ಎಂದು ಕೂಗುತ್ತಾರೆ.

ಕಾಲಿನ ಸದ್ದಿನ ವಿಷಯ ಬೇರೆ. ಅವರ ಕುಣಿತದ ಬೂಟಿನ ತುದಿಗೂ ಹಿಮ್ಮಡಿಗೂ ಸಣ್ಣ ಸಣ್ಣ ಮೊಳೆ ಬಡಿದಿರುತ್ತಾರೆ. ಹಲಗೆಯ ನೆಲವೇ ಅವರಿಗೆ ವಾದ್ಯ. ಅಥಣಿಯ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಿಂದ ಹೊಲಿಯುವ ಚಪ್ಪಲಿಗೂ ದನಿಯಿದೆ. ಕರ್ರಕರ್ರ ಎನ್ನುವ ಜೋಡು ಮೆಟ್ಟಿಕೊಂಡು ಹಿಂದಿನವರು ಬೀದಿಯಲ್ಲಿ ನಡೆದರೆ ಮನೆಯೊಳಗಿದ್ದವರಿಗೆ ಬಂದವರು ಯಾರೆಂದು ಗೊತ್ತಾಗುತ್ತಿತ್ತು. ಆದರೆ ನಮ್ಮವರು ಕುಣಿಯುವಾಗ ಚಪ್ಪಲಿ ಬಿಡುತ್ತಾರೆ, ಕುಣಿತ ದೇವರ ಮುಂದೆ ನಡೆಯುವುದಲ್ಲವೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು, ಕೊಲ್ಹಾಪುರದ ಹೆಸರಿನಲ್ಲಿ. ಅದರ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಬೆಳಗಾವಿಯೂ ಇದೆ ಎಂದು ಸಮಾಧಾನ ಮಾಡಿಕೊಳ್ಳಬೇಕು.

ದೇವರ ಮುಂದೆ ಎಂದೆನಲ್ಲ, ವ್ಯತ್ಯಾಸದ ಬೇರು ಅಲ್ಲಿದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಸೆವಿಲ್ಲೆಯ ಕೆಫೆಗಳು ಜಿಪ್ಸಿಗಳ ಮನೆಯ ಹಾಡನ್ನು ವೇದಿಕೆ ಹತ್ತಿಸಿ ಕಾಸು ಕೊಟ್ಟವು. ಹಾಡು, ಗಿಟಾರು, ಕುಣಿತ ಒಂದೇ ಆಟವಾಗಿ ಬೆಸೆದದ್ದು ಅಲ್ಲಿ. ಕಾಸು ಬಂದ ಮೇಲೆ ಹಾಡು ಕೆಟ್ಟಿತೆಂದು ಕೊರಗಿ ಸಂಗೀತಗಾರ ಫಾಯಾ, ಕವಿ ಲೋರ್ಕಾ ಮೊದಲಾದವರು 1922ರಲ್ಲಿ ಗ್ರನಾಡಾದ ಆಲ್ಹಾಂಬ್ರಾದಲ್ಲಿ ಸ್ಪರ್ಧೆ ಇಟ್ಟರು. ಗೆದ್ದವರಲ್ಲಿ ಎಲ್ ತೆನಾಸಾಸ್ ಎಂಬ ಮುದುಕ ಒಬ್ಬ, ದೂರದ ಊರಿನಿಂದ ಕಾಲ್ನಡಿಗೆಯಲ್ಲೇ ಬಂದನಂತೆ.

ದೂರದಿಂದ ಬರುವುದೇ ದೊಡ್ಡದಾದರೆ ಚಿಂಚಲಿಯ ದಾರಿ ನೋಡಬೇಕು. ಮಾಘದಲ್ಲಿ ರಾಯಬಾಗ ತಾಲ್ಲೂಕಿನ ಆ ಊರಿನ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿಗಳ ಸಾಲು ಬರುತ್ತದೆ. ಚಾಂಗಭಲೋ ಎಂಬ ಕೂಗು ಎದ್ದಲ್ಲೆಲ್ಲ ಭಂಡಾರ ಹಾರುತ್ತದೆ. ಎತ್ತು, ಮನುಷ್ಯ, ಡೊಳ್ಳು ಎಲ್ಲಕ್ಕೂ ಒಂದೇ ಹಳದಿ. ಡೊಳ್ಳಿನವರಿಗೆ ಟಿಕೆಟ್ಟಿಲ್ಲ, ಪ್ರೇಕ್ಷಕರೂ ಇಲ್ಲ. ನೋಡಲು ನಿಂತವನ ಭುಜಕ್ಕೊಂದು ಭುಜ ತಾಗುತ್ತದೆ, ಅವನೂ ಕುಣಿಯತೊಡಗುತ್ತಾನೆ. ಯುನೆಸ್ಕೊ 2010ರಲ್ಲಿ ಫ್ಲಾಮೆಂಕೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿಂಚಲಿಯವರಿಗೆ ಯಾವ ಪಟ್ಟಿಯ ಚಿಂತೆಯೂ ಇದ್ದಂತಿಲ್ಲ.

ಕಾಸಿನ ವಿಷಯದಲ್ಲಿ ಹರದೇಶಿ-ನಾಗೇಶಿಯವರೇನೂ ಸನ್ಯಾಸಿಗಳಲ್ಲ. ಮಧ್ಯರಾತ್ರಿ ದಾಟಿ, ನಾಗೇಶಿಯವಳು ಎದುರಾಳಿಯ ಬಾಯಿ ಕಟ್ಟಿಸುವ ಸವಾಲಿಗೆ ದಪ್ಪು ಎತ್ತಿದ್ದಾಳೆ ಅನ್ನಿ. ಅಷ್ಟರಲ್ಲಿ ಧೋತರದವರೊಬ್ಬರು ಎದ್ದು, ಜನರನ್ನು ದಾಟಿಕೊಂಡು ಹೋಗಿ ಐವತ್ತರ ನೋಟು ಆಹೇರಿ ಮಾಡುತ್ತಾರೆ. ಪುರಾಣ ನಿಲ್ಲುತ್ತದೆ. ಕೊಟ್ಟವರ ಹೆಸರು, ಅಡ್ಡಹೆಸರು, ಊರು, ಓಣಿ ಎಲ್ಲ ರಾಗದಲ್ಲೇ ಬರಬೇಕು, ಹಿಮ್ಮೇಳ ಅದಕ್ಕೂ ‘ಗೀ’ ಎನ್ನಬೇಕು. ಅದನ್ನು ಕೇಳಿ ಅವರ ಬೀಗರಿಗೆ ರೋಷ ಬಂದು ನೂರರ ನೋಟು ತೆಗೆಯುತ್ತಾರೆ.