ಚಾಂದನಿ ಚೌಕದಲ್ಲಿ ಅರ್ಧ ಗಂಟೆ

ಹೊಸ ಫೋನ್ ತಗೊಳ್ಳೋಣ ಅಂತಲೇ ಇವತ್ತು ಕೋಲ್ಕತ್ತದ ಚಾಂದನಿ ಚೌಕ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದೆ. ಐದು ವರ್ಷದ ಫೋನು, ಮಧ್ಯಾಹ್ನದೊಳಗೆ ಚಾರ್ಜ್ ಖಾಲಿ. ದಾರಿಯಲ್ಲಿ ಒಂದು ಪುಟ್ಟ ರಿಪೇರಿ ಅಂಗಡಿ ಕಂಡಿತು, ತೋರಿಸಿಬಿಡೋಣ ಅನ್ನಿಸಿತು. ಹುಡುಗ ಬಿಸಿಗಾಳಿ ಬಿಟ್ಟು ಹಿಂಬದಿಯ ಅಂಟು ಸಡಿಲಿಸಿದ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮುಚ್ಚಳ ಎಬ್ಬಿಸಿದ. ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. "ಫೋನ್ ಗಟ್ಟಿಯಾಗಿದೆ ದಾದಾ, ಸೋತಿರೋದು ಇದೊಂದೇ" ಅಂದ.

ಲಿಥಿಯಂ ಬ್ಯಾಟರಿ ಸುಮಾರು 500 ಸಲ ಪೂರ್ತಿ ಚಾರ್ಜ್ ಆದಮೇಲೆ ಸೊರಗೋದು ಸಹಜ. ಅಷ್ಟಕ್ಕೇ ಇಡೀ ಫೋನ್ ಬಿಸಾಕಬೇಕಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದ್ದರೆ ಮಾತು ಬೇರೆ. ಯುಪಿಐ, ಬ್ಯಾಂಕು ಎಲ್ಲಾ ಅದರಲ್ಲೇ ಇರುವಾಗ ಹೊಸದು ತಗೊಳ್ಳೋದೇ ಸರಿ. 5ಜಿ ಬೇಕೇ ಬೇಕು ಅನ್ನೋರಿಗೂ ಹಾಗೇ. ಆದರೆ ಕ್ಯಾಮೆರಾ ಒಂಚೂರು ಚೆನ್ನಾಗಿದೆ ಅಂತ ಎರಡು ವರ್ಷ ಕಂತು ಕಟ್ಟೋದು ನನಗೆ ಒಪ್ಪಿಗೆಯಿಲ್ಲ.

ಆ ಅಂಗಡಿಯಿಂದ ರಾಜ್ಯ ಸರ್ಕಾರದ ಹಳೆಯ ಸಚಿವಾಲಯ ರೈಟರ್ಸ್ ಬಿಲ್ಡಿಂಗ್ ಏನೂ ದೂರವಿಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅಲ್ಲಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗೆಲ್ಲ ನಮಗೆ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು.

ಹೊಸ ಬ್ಯಾಟರಿ ಹಾಕಿಸಿಕೊಂಡು ಮೈಸೂರಿಗೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನಲವತ್ತು ನಿಮಿಷ ಮಾತು. "ಸದ್ಯ, ಇವತ್ತು ಮಧ್ಯದಲ್ಲಿ ಕಟ್ ಆಗ್ಲಿಲ್ಲ ಕಣೋ" ಅಂದ್ರು.